ಹಸಿರು ಬಟನ್ನೂ ಬಾಮೈದನ ಉಸಿರೂ

ಇವತ್ತು ಏನೇನು ಸಮುದ್ರಜೀವಿಗಳನ್ನು ಕಂಡಿರಿ ಎಂದು ಮೊಬೈಲು ನನ್ನನ್ನು ಕೇಳಿದಾಗ ನಾನು ಬಸರಾಳಿನ ಆಚೆ ಒಂದು ತೋಟದ ಬಾವಿಕಟ್ಟೆಯ ಮೇಲೆ ಕೂತು ಒದ್ದೆ ಹಗ್ಗ ಸುತ್ತುತ್ತಿದ್ದೆ. ಸಮುದ್ರವಂತೆ! ಮಂಡ್ಯ ಜಿಲ್ಲೆಯಲ್ಲಿ! ಬಾವಿಯೊಳಗೆ ನನ್ನ ಬಾಮೈದ ಕಂಡಿದ್ದು ಎರಡು ಕಪ್ಪೆ, ಒಂದು ನೀರುಹಾವು, ಯಾರದೋ ಒಂಟಿ ಚಪ್ಪಲಿ. ಇರಲಿ, ಇದ್ದದ್ದನ್ನೇ ಬರೆಯೋಣ ಎಂದು ಕಪ್ಪೆ ಅಂತ ಒತ್ತಿದರೆ ಮೊಬೈಲಿನೊಳಗಿನ ಆ ಆ್ಯಪ್ ಕನ್ನಡ ತಗೊಳ್ಳಲಿಲ್ಲ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲು ಬಿಡಲಿಲ್ಲ. ಕೊನೆಗೆ ಅದೇ ಕೊಟ್ಟಿದ್ದ ಪಟ್ಟಿಯಲ್ಲಿ ಕೈಗೆ ಸಿಕ್ಕಿದ್ದನ್ನು ಒತ್ತಿ ಪೀಡೆ ಕಳೆದುಕೊಂಡೆ. ಬಸರಾಳಿನ ಬಾವಿಯಲ್ಲಿ ಶಾರ್ಕ್ ಮೀನು ಕಂಡಿದೆ ಎಂದು ಈಗಲೂ ದಾಖಲೆಯಲ್ಲಿದೆ.

ನನ್ನದು ಮಂಡ್ಯದಲ್ಲಿ ಮೋಟರ್ ಕಾಯಿಲ್ ಕಟ್ಟುವ, ಪಂಪ್‌ಸೆಟ್ ರಿಪೇರಿ ಮಾಡುವ ಅಂಗಡಿ. ಬಾಮೈದ ಮದ್ದೂರಿನವನು, ನನ್ನ ಹೆಂಡತಿಯ ಒಬ್ಬನೇ ತಮ್ಮ. ಚಿಕ್ಕಂದಿನಿಂದ ಅವನಿಗೆ ನೀರು ಅಂದರೆ ಹುಚ್ಚು. ಬಾವಿಗೆ ಬಿದ್ದ ಮೋಟರು, ನಾಲೆಗೆ ಉರುಳಿದ ಬೈಕು, ತೂಬಿಗೆ ಸಿಕ್ಕಿಕೊಂಡ ಮರದ ದಿಮ್ಮಿ, ಎಲ್ಲವನ್ನೂ ಮೂಗು ಹಿಡಿದುಕೊಂಡು ಮುಳುಗಿ ಹಗ್ಗ ಬಿಗಿದು ಬರುತ್ತಿದ್ದ. ನಾನು ಮೇಲೆ ನಿಂತು ಚೈನ್‌ಬ್ಲಾಕಿನಲ್ಲಿ ಎತ್ತುತ್ತಿದ್ದೆ. ಕೆಲವು ಸಲ ಎತ್ತಬೇಕಾಗಿದ್ದು ಮೋಟರೂ ಅಲ್ಲ, ಬೈಕೂ ಅಲ್ಲ. ಆ ದಿನ ಇಬ್ಬರೂ ತಲೆಗೆ ನೀರು ಹುಯ್ದುಕೊಂಡೇ ಮನೆಯೊಳಗೆ ಬರುತ್ತಿದ್ದೆವು. ಇವನ ಸಾಹಸದ ಸುದ್ದಿ ಹೇಗೋ ಬೆಂಗಳೂರಿನ ಒಂದು ಸೇವಾ ಸಂಘದವರ ಕಿವಿಗೆ ಬಿದ್ದು, ಅವರು ಇವನಿಗೆ ತರಬೇತಿ ಕೊಡಿಸಿ, ಎರಡು ಜೊತೆ ಸ್ಕೂಬಾ ಸಲಕರಣೆ ದಾನ ಕೊಟ್ಟರು. ಬೆನ್ನಿಗೆ ಕಟ್ಟುವ ಸಿಲಿಂಡರು, ಗಾಳಿ ತುಂಬಿಕೊಳ್ಳುವ ಜಾಕೆಟ್ಟು, ಕನ್ನಡಕ, ಬಾಯಿಗೆ ಕಚ್ಚಿಕೊಂಡು ಉಸಿರಾಡುವ ರೆಗ್ಯುಲೇಟರು. ಒಂದೇ ಷರತ್ತು: ಎಲ್ಲ ಸಾಮಾನಿನ ಲೆಕ್ಕ, ಸರ್ವೀಸು, ತಪಾಸಣೆ ಆ ಆ್ಯಪ್‌ನಲ್ಲೇ ನಡೆಯಬೇಕು.

ಸಾಮಾನು ಮನೆಗೆ ಬಂದ ದಿನ ನನ್ನ ಹೆಂಡತಿ ಅವನ್ನೆಲ್ಲ ಸುತ್ತಿ ಸುತ್ತಿ ನೋಡಿದಳು. ರೆಗ್ಯುಲೇಟರನ್ನು ಕೈಯಲ್ಲಿ ಹಿಡಿದು, "ಇದ್ರೊಳಗಿಂದ್ಲಾ ಇವ್ನು ಉಸ್ರಾಡದು?" ಎಂದಳು. ಹೌದು ಅಂದೆ.

"ಇದ ನೋಡ್ಕಳೋರು ಯಾರು?"

"ನಾನೇ. ರಿಪೇರಿ ಮಾಡೋನು ಇನ್ಯಾರು?"

"ಅಂಗಾರೆ ನನ್ ತಮ್ಮುನ್ ಉಸ್ರು ನಿಮ್ ಕೈಲೈತೆ. ತಿಳ್ಕಳಿ," ಎಂದು ಅದನ್ನು ನನ್ನ ಕೈಗೇ ಕೊಟ್ಟು ಒಳಗೆ ಹೋದಳು. ನಾನು ನಕ್ಕೆ. ಮೂವತ್ತು ವರ್ಷ ಮೋಟರ್ ಬಿಚ್ಚಿದವನಿಗೆ ಇದೇನು ಮಹಾ ಅನ್ನುವ ಸೊಕ್ಕು ನನಗೆ.

ರೆಗ್ಯುಲೇಟರು ನಿಜಕ್ಕೂ ಮಹಾ ಅಲ್ಲ. ಬಾಯಿಗೆ ಕಚ್ಚುವ ಭಾಗ ಒಂದು ಡಬ್ಬಿ. ಉಸಿರು ಎಳೆದರೆ ಸಿಲಿಂಡರಿನ ಗಾಳಿ ಬರುತ್ತದೆ, ಬಿಟ್ಟರೆ ಕೆಳಗಿರುವ ತೆಳ್ಳನೆಯ ರಬ್ಬರ್ ಬಿಲ್ಲೆ ತೆರೆದುಕೊಂಡು ಗಾಳಿ ಹೊರಗೆ ಹೋಗುತ್ತದೆ. ಬಿಲ್ಲೆ ತಕ್ಷಣ ಮುಚ್ಚಿಕೊಳ್ಳಬೇಕು. ಅದು ಕೂದಲೆಳೆಯಷ್ಟು ತೆರೆದಿದ್ದರೂ ಮುಂದಿನ ಉಸಿರಿನಲ್ಲಿ ಗಾಳಿಯ ಜೊತೆ ನೀರೂ ಬಾಯಿಗೆ ಬರುತ್ತದೆ. ಇಷ್ಟೇ ಕಥೆ. ಬಿಚ್ಚಿ ತೊಳೆದು ಒಣಗಿಸಿ ಇಟ್ಟರೆ ಆಯಿತು. ಮಹಾ ಆಗಿದ್ದು ಆ ಆ್ಯಪ್.

ಒಂದೊಂದು ಸಾಮಾನಿಗೂ ಒಂದೊಂದು ಸ್ಟಿಕ್ಕರ್. ನೀರಿಗೆ ಇಳಿಸುವ ಮುಂಚೆ ಸ್ಟಿಕ್ಕರಿಗೆ ಫೋನು ಹಿಡಿಯಬೇಕು, ಆಗ ಪಟ್ಟಿ ತೆರೆಯುತ್ತದೆ, ಒಂದೊಂದನ್ನೂ ನೋಡಿ ಒತ್ತಬೇಕು. ಎಲ್ಲ ಆಗಿದ್ದರೆ ಹಸಿರು, ಬಾಕಿಯಿದ್ದರೆ ಕೆಂಪು. ಹೇಳುವುದಕ್ಕೆ ಚೆಂದ. ಎರಡನೇ ವಾರಕ್ಕೇ ನನ್ನ ಹೆಂಡತಿ ಜಾಕೆಟ್ಟಿನ ಮೇಲಿನ ಕೆಸರು ಹೋಗಲಿ ಅಂತ ತೆಂಗಿನ ನಾರಿನಲ್ಲಿ ತಿಕ್ಕಿ ಮೂರು ಸ್ಟಿಕ್ಕರ್ ಕಿತ್ತುಹಾಕಿದಳು. ಬಾವಿ ಇರುವ ಕಡೆ ಸಿಗ್ನಲ್ ಇರುವುದಿಲ್ಲ, ಸಿಗ್ನಲ್ ಇರುವ ಕಡೆ ಬಾವಿ ಇರುವುದಿಲ್ಲ. ಒದ್ದೆ ಬೆರಳಿಗೆ ಫೋನು ತೆರೆಯುವುದಿಲ್ಲ. ಪ್ರತಿ ಸಲವೂ ಉಪ್ಪುನೀರು ತೊಳೆದಿರಾ ಎಂದು ಕೇಳುತ್ತದೆ. ಅಯ್ಯಾ, ಎಲ್ಲಿಂದ ತರಲಿ ಉಪ್ಪುನೀರು? ಇದರ ಮೇಲೆ ತಿಂಗಳಿಗೊಮ್ಮೆ ನಿಮಗೆ ನಮ್ಮ ಆ್ಯಪ್ ಇಷ್ಟವಾಯಿತೇ, ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಪ್ರಶ್ನೆ ಬೇರೆ.

ನಾನು ಸುಮ್ಮನಿದ್ದರೂ ಸಂಘದ ಮೇಡಂ ಸುಮ್ಮನಿರುತ್ತಿರಲಿಲ್ಲ. ನಮ್ಮ ಪಟ್ಟಿ ಅವರಿಗೂ ಅಲ್ಲಿಂದಲೇ ಕಾಣುತ್ತದೆ. ಯಾವನೋ ರೈತ ಸುಟ್ಟ ಮೋಟರು ತಂದು ಕೂತಿರುವಾಗಲೇ ಅವರ ಫೋನು. "ಸರ್, ನಿಮ್ಮ ನಾಲ್ಕನೇ ನಂಬರ್ ಐಟಂ ಕೆಂಪು ತೋರಿಸ್ತಿದೆ." ದನಿ ಬೆಣ್ಣೆ. ಅವರಿಗೆ ಬೈಯಲು ಆಗುವುದಿಲ್ಲ, ಫೋನಿಟ್ಟ ಮೇಲೆ ಆ್ಯಪ್‌ಗೆ ಬೈಯುತ್ತಿದ್ದೆ. ನಮ್ಮ ಪಕ್ಕದ ಲೇತ್ ಅಂಗಡಿಯ ಭಾಯ್‌ಗೆ ಇದೊಂದು ಮಜ. ಭಾಯ್ ನನ್ನ ಜೊತೆ ಹಗ್ಗ ಹಿಡಿಯಲು ಬರುವ ಮನುಷ್ಯ, ಇಪ್ಪತ್ತು ವರ್ಷದ ಸ್ನೇಹ. "ಏನಣ್ಣ, ಇವತ್ತೂ ಕೆಂಪಾ?" ಎಂದು ಲೇತ್ ನಿಲ್ಲಿಸಿ ಕೇಳುವನು. "ನಿನ್ ಮುಖ ನೋಡಿದ್ರೂ ಕೆಂಪೇ ಐತಲ್ಲಾ," ಎಂದು ತಾನೇ ನಗುವನು. ಅವನನ್ನೂ ಸೇರಿಸಿಕೊಂಡು ಇಡೀ ಬೀದಿ ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಂತಲೇ ನಂಬಿತ್ತು. ಬರೀ ಗಾಳಿ ಕಣ್ರಪ್ಪಾ, ಸೋಸಿ ಒತ್ತಿ ತುಂಬಿದ ಮಾಮೂಲಿ ಗಾಳಿ ಎಂದು ಎಷ್ಟು ಬಡಕೊಂಡರೂ ಕೇಳರು. ಗಾಳಿಯೇ ಆದರೆ ಮೈಸೂರಿಗೆ ಯಾಕೆ ಹೊತ್ತುಕೊಂಡು ಹೋಗ್ತೀಯ, ಇಲ್ಲೇ ಪಂಚರ್ ಅಂಗಡಿಯಲ್ಲಿ ತುಂಬಿಸು ಎಂದು ನನಗೇ ಬುದ್ಧಿ ಹೇಳುವರು.

ಹೋದ ವರ್ಷ ಆಯುಧ ಪೂಜೆಯಾದ ಮೇಲೆ ಒಂದು ರೆಗ್ಯುಲೇಟರ್ ಬಿಚ್ಚಿದರೆ ಒಳಗೆ ಕುಂಕುಮ. ಬಾಯಿಗೆ ಕಚ್ಚುವ ರಬ್ಬರಿಗೇ ಯಾರೋ ಅರಿಶಿನ ಕುಂಕುಮದ ಬೊಟ್ಟು ಇಟ್ಟಿದ್ದರು. ಯಾರೋ ಏನು, ನನ್ನ ಹೆಂಡತಿಯೇ. ಲಾರಿಗೆ ಮೂತಿಗೆ ಇಡುತ್ತಾರೆ, ಕುಡುಗೋಲಿಗೆ ಅಲಗಿಗೆ ಇಡುತ್ತಾರೆ, ಇದಕ್ಕೆ ಬಾಯಿಗೆ ಇಟ್ಟೆ ಎಂದಳು. ಅವಳ ಲೆಕ್ಕ ತಪ್ಪಲ್ಲ. ಪೂಜೆ ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ನೀರಿಗಿಳಿಯುವ ಸಾಮಾನನ್ನು ಪೂಜೆಗೆ ಇಡದೆ ಬಿಡುವ ಮನಸ್ಸೂ ಇರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆ. ಆ್ಯಪ್‌ನಲ್ಲಿ ನಮ್ಮದೇ ಜ್ಞಾಪನೆ ಸೇರಿಸಿಕೊಳ್ಳಲು ಒಂದು ಜಾಗವಿದೆ. ಅಷ್ಟು ಹೊತ್ತಿಗೆ ಮೇಡಂ ಬೆನ್ನು ಬಿದ್ದು ಅದಕ್ಕೆ ಕನ್ನಡ ಬರುವಂತೆ ಮಾಡಿಸಿದ್ದರು. ಕ್ಯಾಲೆಂಡರ್ ನೋಡಿ, ಈ ವರ್ಷದ ಹಬ್ಬದ ದಿನ ಬೆಳಗ್ಗೆ ಹನ್ನೊಂದಕ್ಕೆ ಹೊಡೆಯುವ ಹಾಗೆ ಹಾಕಿದೆ: ಪೂಜೆ ಆಯ್ತು, ರೆಗ್ಯುಲೇಟರ್ ಬಿಚ್ಚಿ ತೊಳೆಯುವುದು. ಇಡೀ ಆ್ಯಪ್‌ನಲ್ಲಿ ತಲೆ ನೆಟ್ಟಗಿರುವ ಸಾಲು ಇದೊಂದೇ, ಅದನ್ನು ಬರೆದವನು ನಾನು ಎಂದು ಭಾಯ್‌ಗೆ ತೋರಿಸಿ ಬೀಗಿದೆ.

ಪೂಜೆ ಒಂಬತ್ತಕ್ಕೆಲ್ಲ ಮುಗಿಯುತ್ತದೆ ಎನ್ನುವುದು ನನ್ನ ಅಂದಾಜು. ಹಬ್ಬದ ಬೆಳಗ್ಗೆ ನೋಡಿದರೆ ಒಂಬತ್ತರಿಂದ ಹತ್ತೂವರೆವರೆಗೆ ರಾಹುಕಾಲ. ಶುರುವಾಗಿದ್ದೇ ಹತ್ತೂಮುಕ್ಕಾಲಿಗೆ. ಅಂಗಡಿ ತುಂಬ ಜನ, ಬಾಳೆಕಂದು, ಬೂದುಗುಂಬಳ, ಕಳ್ಳೇಪುರಿಯ ಚೀಲ. ಸ್ಪ್ಯಾನರು, ಚೈನ್‌ಬ್ಲಾಕು, ಕಾಯಿಲ್ ಸುತ್ತುವ ಮಿಷನ್ನು ಎಲ್ಲ ಸಾಲಾಗಿ ಕೂತಿದ್ದವು. ಭಾಯ್ ತನ್ನ ಡ್ರಿಲ್ಲಿಂಗ್ ಮಿಷನ್ನನ್ನೂ ತಂದಿಟ್ಟಿದ್ದ. ಬಾಮೈದ ಸಿಲಿಂಡರುಗಳಿಗೆ ಚೆಂಡುಹೂವಿನ ಹಾರ ಹಾಕಿದ್ದ. ಈ ಸಲ ಬಾಯಿಗೆ ಕುಂಕುಮ ಬೇಡ ಕಣೇ ಎಂದು ನಾನು ಹೆಂಡತಿಗೆ ಮೊದಲೇ ಹೇಳಿದ್ದೆ. ಅವಳು ಬಾಯಿಯ ಬದಲು ಡಬ್ಬಿಯ ಬೆನ್ನಿಗೆ ಇಟ್ಟಳು. ಆಮೇಲೆ ಮಂಗಳಾರತಿ, ಎಲ್ಲರೂ ಅಕ್ಷತೆ ಹಾಕುವ ಹೊತ್ತಿಗೆ ಸರಿಯಾಗಿ ನನ್ನ ಜೇಬಿನಲ್ಲಿ ಫೋನು ಬಡಕೊಳ್ಳಲು ಶುರು ಮಾಡಿತು. ನಿಲ್ಲಿಸಿದೆ. ಮತ್ತೆ ಬಡಕೊಂಡಿತು. ಆರತಿ ತಟ್ಟೆ ಹಿಡಿದಿದ್ದ ಹೆಂಡತಿ ಹಲ್ಲು ಕಡಿದಳು. "ಮೊದ್ಲು ಅದ್ರ ಬಾಯ್ ಮುಚ್ಚಿಸ್ರೀ, ಅಬ್ಬದ್ ದಿನ್ವೂ ಒಂದ್ ಗಳ್ಗೆ ಬುಡಾಕಿಲ್ವಾ ಅದು!"

ಮುಚ್ಚಿಸಿದೆ. ಅಷ್ಟೇ. ಎಡಗೈಯಲ್ಲಿ ಫೋನು ತೆಗೆದು ಏನೋ ಒತ್ತಿದೆ, ಅದು ಸುಮ್ಮನಾಯಿತು, ಬಲಗೈಯಲ್ಲಿದ್ದ ಅಕ್ಷತೆ ಹಾಕಿ ಕೈಮುಗಿದೆ. ಬಂದವರಿಗೆ ಪ್ರಸಾದ, ಕಳ್ಳೇಪುರಿ ಹಂಚುವುದರಲ್ಲೇ ಆ ದಿನ ಕಳೆಯಿತು. ಮಾರನೆಯ ದಿನ ವಿಜಯದಶಮಿ, ಊಟ, ನೆಂಟರು. ಮೂರನೆಯ ದಿನ ಅಂಗಡಿ ಬಾಗಿಲು ತೆಗೆದಾಗ ಆರು ಮೋಟರು ಕಾದು ಕೂತಿದ್ದವು.

ನಾಲ್ಕನೆಯ ದಿನ ಮೇಡಂ ಫೋನು. ಬಂತಪ್ಪಾ ಶನಿ ಎಂದುಕೊಂಡು ಎತ್ತಿದರೆ, "ಸರ್, ಕಂಗ್ರಾಜುಲೇಷನ್ಸ್! ನಿಮ್ಮ ಪಟ್ಟಿ ಪೂರ್ತಿ ಹಸಿರು. ಎಲ್ಲ ತಂಡಗಳಿಗಿಂತ ನಿಮ್ಮದೇ ಚೆನ್ನಾಗಿದೆ," ಎಂದರು. ನಾನು ಉಬ್ಬಿಹೋದೆ. ಹೇಗೆ ಪೂರ್ತಿ ಹಸಿರಾಯಿತು ಎಂದು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಭಾಯ್‌ಗೆ ಕೂಗಿ ಹೇಳಿದೆ, ಅವನು ಟೀ ತರಿಸಿದ.

ಐದನೆಯ ದಿನ ಬೆಳಗ್ಗೆ ಪೂರಿಗಾಲಿಯಿಂದ ಕರೆ ಬಂತು. ಅಲ್ಲೊಬ್ಬ ಗೌಡರ ತೆರೆದ ಬಾವಿಯಲ್ಲಿ ಪಂಪು ಪೈಪಿನ ಸಮೇತ ಕಳಚಿ ತಳ ಸೇರಿತ್ತು. ಮದ್ದೂರಿನಲ್ಲಿ ಬಾಮೈದನನ್ನು ಹತ್ತಿಸಿಕೊಂಡು, ಮಳವಳ್ಳಿ ದಾಟಿ, ನಾನು, ಭಾಯ್, ಅವನು ಮೂವರೂ ಟೆಂಪೋದಲ್ಲಿ ಹೋದೆವು. ಗೌಡರು ಒಂದೇ ಸಮನೆ ಆತುರ ಮಾಡುತ್ತಿದ್ದರು. "ಬ್ಯಾಗ ಇಳಿರಪ್ಪಾ, ಅದೇನ್ ಆಕ್ಸಿಜನ್ ಹಾಕ್ಕಂಡು ಮೆರವಣ್ಗೆ ಓಯ್ತಿದ್ದೀರಾ?" ನನಗೆ ನೆತ್ತಿಗೇರಿತು. ನಾನು ಪ್ರತಿ ಸಲವೂ ಒಂದು ಕೆಲಸ ಮಾಡುತ್ತಿದ್ದೆ. ಆ್ಯಪ್ ಏನೇ ಅನ್ನಲಿ, ಬಾವಿಕಟ್ಟೆ ಮೇಲೆ ರೆಗ್ಯುಲೇಟರಿನ ಮುಚ್ಚಳ ತಿರುಗಿಸಿ ಒಳಗೊಮ್ಮೆ ಬೆರಳಾಡಿಸಿ ಕೊಡುತ್ತಿದ್ದೆ. ಎರಡು ನಿಮಿಷದ ಕೆಲಸ. ಅವತ್ತು ಗೌಡರಿಗೆ ಬುದ್ಧಿ ಕಲಿಸುವ ಭರದಲ್ಲಿ ಅದನ್ನು ಬಿಟ್ಟು ಫೋನು ತೆಗೆದು, ಹಸಿರು ತೋರಿಸಿ, "ನೋಡಿ, ಎಲ್ಲಾ ಪಾಸಾಗಿದೆ. ಕಾನೂನು ಪ್ರಕಾರ ಇಳೀತೀವಿ," ಎಂದೆ. ಬಾಮೈದನಿಗೆ, "ಇಳಿಯೋ, ಎಲ್ಲಾ ಹಸ್ರೈತೆ," ಎಂದೆ. ಅವನು ಕಟ್ಟೆಯ ಮೇಲೆ ಎರಡು ಉಸಿರು ಎಳೆದು ನೋಡಿ, ಹೆಬ್ಬೆರಳೆತ್ತಿ ಇಳಿದ.

ಹಗ್ಗ ಒಂದು ಸಲ ಜಗ್ಗಿದರೆ ಕ್ಷೇಮ, ಬಿಡದೆ ಜಗ್ಗಿದರೆ ಎತ್ತಿ ಎಂದರ್ಥ. ಒಂದು ಜಗ್ಗು ಬಂತು. ಗುಳ್ಳೆಗಳು ಸಮನಾಗಿ ಬರುತ್ತಿದ್ದವು. ಭಾಯ್ ನನಗೆ ಎಲೆಅಡಿಕೆ ಕೊಡಲು ಬಂದ. ಅಷ್ಟರಲ್ಲಿ ಗುಳ್ಳೆಗಳ ತಾಳ ತಪ್ಪಿತು. ಆಮೇಲೆ ಹಗ್ಗ ಬಿಡದೆ ಜಗ್ಗಿತು. ನಾವಿಬ್ಬರೂ ಹೇಗೆ ಎಳೆದೆವೋ ಆ ದೇವರೇ ಬಲ್ಲ. ಗೌಡರೂ ಹಗ್ಗಕ್ಕೆ ಕೈಹಾಕಿದರು. ಮೇಲೆ ಬಂದವನ ಬಾಯಲ್ಲಿ ರೆಗ್ಯುಲೇಟರು ಇರಲಿಲ್ಲ, ಮುಖ ಕಪ್ಪಿಟ್ಟಿತ್ತು. ಮೆಟ್ಟಿಲ ಮೇಲೆ ಬೋರಲು ಹಾಕಿ ಬೆನ್ನು ತಟ್ಟಿದೆವು. ನೀರು ಕಾರಿದ, ಕೆಮ್ಮಿದ, ಮತ್ತೆ ಕಾರಿದ. ಕೊನೆಗೆ, "ನೀರ್ ಬತ್ತು ಬಾವ... ಎಳ್ದಂಗೆಲ್ಲಾ ನೀರೇ ಬತ್ತು," ಎಂದ. ಆಪತ್ತಿಗಿರಲಿ ಎಂದು ಅದೇ ಸಿಲಿಂಡರಿಗೆ ಜೋಡಿಸಿರುವ ಇನ್ನೊಂದು ಬಾಯಿಯನ್ನು ತಡಕಾಡಿದನಂತೆ. ಅದು ಪಂಪಿನ ಕೇಬಲ್ಲಿಗೆ ಸಿಕ್ಕಿಕೊಂಡಿತ್ತಂತೆ.

ಅವನು ಉಸಿರಾಡುತ್ತಿದ್ದಾನೆ ಎಂದು ಖಾತ್ರಿಯಾದ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ರೆಗ್ಯುಲೇಟರನ್ನು ಅಲ್ಲೇ ಬಿಚ್ಚಿದೆ. ಉಸಿರು ಹೊರಹೋಗುವ ರಬ್ಬರ್ ಬಿಲ್ಲೆಯ ಅಂಚಿಗೆ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು. ಹಳದಿ ಅಕ್ಕಿಕಾಳು. ಬಾಯಿಯ ತೂತಿನಿಂದ ಒಳಗೆ ಬಿದ್ದು ಡಬ್ಬಿಯಲ್ಲಿ ಎಲ್ಲೋ ಕೂತಿದ್ದದ್ದು, ಅವನು ನೀರಿನೊಳಗೆ ಉಸಿರು ಬಿಡುತ್ತ ಬಿಡುತ್ತ ಜಾರಿ ಬಂದು ಬಿಲ್ಲೆಗೆ ಅಡ್ಡ ನಿಂತಿತ್ತು. ಯಾರು ಇದರ ಬಾಯಿಗೆ ಅಕ್ಷತೆ ಸುರಿದವರು, ಯಾರು ಇದನ್ನು ನೋಡದೆ ಗಾಡಿಗೆ ಹಾಕಿದವರು ಎಂದು ಅರಚಿದೆ. ಭಾಯ್‌ಗೆ ಬೈದೆ. ಗೌಡರಿಗೆ ಬೈದೆ. ಊರಲ್ಲಿದ್ದ ಹೆಂಡತಿಗೆ ಇಲ್ಲಿಂದಲೇ ಬೈದೆ. ಸಿಗ್ನಲ್ ಸಿಗುವ ದಿಬ್ಬಕ್ಕೆ ಏರಿ ಮೇಡಂಗೆ ಫೋನು ಹಚ್ಚಿ, "ನಿಮ್ಮ ಮನೆಹಾಳು ಆ್ಯಪ್ ಹಸಿರು ತೋರಿಸ್ತಿತ್ತು, ನನ್ನ ಬಾಮೈದ ಸಾಯ್ತಿದ್ದ, ಇದಕ್ಕೆ ಯಾರು ಹೊಣೆ?" ಎಂದು ಬಾಯಿಗೆ ಬಂದಂತೆ ಅಂದುಬಿಟ್ಟೆ.

ಅವರು ಮೊದಲು ಅವನು ಹೇಗಿದ್ದಾನೆ ಎಂದು ಕೇಳಿದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದರು. ಆಮೇಲೆ ಮೆಲ್ಲಗೆ, "ಸರ್, ಆ ಐಟಂ ಒತ್ತಿ, ಕೆಳಗೆ ಹಿಸ್ಟರಿ ಅಂತ ಇರುತ್ತೆ. ಯಾರು, ಯಾವಾಗ ಹಸಿರು ಮಾಡಿದ್ದಾರೆ ಅಂತ ಅದರಲ್ಲಿ ಬಂದಿರುತ್ತೆ," ಎಂದರು. ಸಿಕ್ಕಿಬಿದ್ದ ನನ್ಮಗ ಎಂದುಕೊಂಡು ಒತ್ತಿದೆ. ಅಲ್ಲಿ ನನ್ನ ಹೆಸರಿತ್ತು. ಹಬ್ಬದ ದಿನ, ಹನ್ನೊಂದು ಗಂಟೆ ಎರಡು ನಿಮಿಷ. ಪೂಜೆ ಆಯ್ತು, ರೆಗ್ಯುಲೇಟರ್ ಬಿಚ್ಚಿ ತೊಳೆಯುವುದು: ಮುಗಿದಿದೆ. ಅದರ ಕೆಳಗೆ ಬಾಕಿಯಿದ್ದ ಉಳಿದೆಲ್ಲವೂ ಅದೇ ನಿಮಿಷಕ್ಕೆ ಮುಗಿದಿದ್ದವು. ಬಾಯಿ ಮುಚ್ಚಿಸಲು ನಾನು ಎಡಗೈಯಲ್ಲಿ ಒತ್ತಿದ್ದು ಜ್ಞಾಪನೆಯ ಕೆಳಗೇ ಇರುವ, ಎಲ್ಲವೂ ಆಯಿತು ಎನ್ನುವ ಬಟನ್ನು. ಬಲಗೈಯಲ್ಲಿ ಅಕ್ಷತೆ ಹಾಕುತ್ತಿದ್ದವನೂ ನಾನೇ. ಮುಷ್ಟಿಯಲ್ಲೇ ಉಳಿದಿದ್ದ ಆ ಅಕ್ಕಿಕಾಳನ್ನು ಒಂದು ಕಾಗದದಲ್ಲಿ ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಂಡೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕೆಳಗೆ ಬಂದರೆ ಬಾಮೈದ ಕಂಬಳಿ ಹೊದ್ದು ಕೂತು ತನ್ನ ಫೋನು ನೋಡುತ್ತಿದ್ದ. ನಾನು ದಿಬ್ಬಕ್ಕೆ ಹೋದಾಗ ತೆಗೆದಿರಬೇಕು. ಆ ಆ್ಯಪ್ ಅವನ ಫೋನಿನಲ್ಲೂ ಇದೆ, ಬೆಳಗ್ಗೆ ಮದ್ದೂರಿನಲ್ಲಿ ತುಂಬಿಕೊಂಡ ಪಟ್ಟಿ ಸಿಗ್ನಲ್ ಇಲ್ಲದೆಯೂ ತೆರೆಯುತ್ತದೆ, ಅದರಲ್ಲಿ ನನ್ನ ಹೆಸರೂ ಕಾಣುತ್ತದೆ. ನನ್ನ ಮುಖ ನೋಡಿ ಫೋನು ಕಂಬಳಿಯೊಳಗೆ ಇಟ್ಟುಕೊಂಡ. "ಬುಡು ಬಾವ," ಎಂದ. ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಮಳವಳ್ಳಿಯಲ್ಲಿ ಡಾಕ್ಟರು ಎದೆ ಪರೀಕ್ಷೆ ಮಾಡಿ, ಸಂಜೆಯವರೆಗೂ ಕೂರಿಸಿಕೊಂಡು, ಪರವಾಗಿಲ್ಲ, ಎರಡು ದಿನ ಮಲಗಲಿ ಎಂದರು. ಮದ್ದೂರು ಬಂದಾಗ ಅವನು ಇಳಿಯಲಿಲ್ಲ. ಕೆಲಸವಾದ ದಿನ ಅಕ್ಕನ ಮನೆಯಲ್ಲಿ ಊಟ ಮಾಡುವುದು ಅವನ ವಾಡಿಕೆ. ಭಾಯ್ ಅಂಗಡಿಯ ಹತ್ತಿರ ಇಳಿದು, ನನ್ನ ಭುಜ ಒಂದು ಸಲ ಅದುಮಿ ಹೋದ.

ಅಕ್ಕನಿಗೆ ದನಿ ಕೇಳಿದರೇ ಗೊತ್ತಾಗಿಬಿಡುತ್ತದೆ. "ಯಾಕ್ಲಾ, ಗಂಟ್ಲು ಅಂಗಾಗೈತೆ?"

"ಏನಿಲ್ಲ ಕಣಕ್ಕ, ಒಂದೀಟು ನೀರ್ ಕುಡ್ದ್‌ಬುಟ್ಟೆ. ನಂದೇ ತೆಪ್ಪು. ಆತ್ರ ಬಿದ್ದೆ."

ಅವಳಿಗೆ ರೇಗಿತು. "ನಿಮ್ ಬಾವ ಅಷ್ಟ್ ಜೋಪಾನ್ವಾಗಿ ಎಲ್ಲಾ ನೋಡಿ ನೋಡಿ ಕೊಟ್ರೂ ನಿಂಗೆ ಆತ್ರ! ಅವ್ರು ಇರಾದ್ರಿಂದ ನೀನು ಬದ್ಕಿದ್ದೀಯ, ತಿಳ್ಕ!" ಎಂದು ಮುದ್ದೆ ಮುರಿದು ತಟ್ಟೆಗೆ ಹಾಕತೊಡಗಿದಳು. ಅವನು ತಲೆ ಎತ್ತದೆ ಹೂಂ ಅಂದ.

ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಅವಳ ಮುಂದೆ ಬಿಚ್ಚಿದೆ. ಹೇಳಿದೆ, ಎಲ್ಲವನ್ನೂ, ಬಟನ್ನಿನಿಂದ ಹಿಡಿದು. ಅವಳು ಆ ಕಾಳನ್ನು ಬೆರಳ ತುದಿಯಲ್ಲಿ ಎತ್ತಿ ದೀಪಕ್ಕೆ ಹಿಡಿದು ನೋಡಿದಳು. "ಇದು ನಾನ್ ಕಲ್ಸಿದ್ ಅಕ್ಸತೆ," ಎಂದಳು. ಕಾಳನ್ನು ಮತ್ತೆ ಕಾಗದದ ಮೇಲಿಟ್ಟು, "ಬಾಯ್ ಮುಚ್ಸಿ ಅಂದೋಳೂ ನಾನೇ," ಎಂದಳು. ಮೂವತ್ತು ವರ್ಷದಲ್ಲಿ ಅವಳು ನನಗೆ ಬೈಯದೆ ಬಿಟ್ಟ ತಪ್ಪು ಅದೊಂದೇ.

ಬಾಮೈದ ತಟ್ಟೆ ಮುಂದೆ ತಳ್ಳಿದ. "ನನ್ ತಲೆ ಮ್ಯಾಲೆ ಹಾಕ್ದಂಗಾಯ್ತು ಬುಡಕ್ಕ. ಸಾರ್ ಇಕ್ಕು."

ಆಗ ನನ್ನ ಫೋನು ಬಡಕೊಂಡಿತು. ಇವತ್ತಿನ ಕೆಲಸದ ಸಾಮಾನು ತೊಳೆದಿರಾ ಎಂಬ ಮಾಮೂಲಿ ಪ್ರಶ್ನೆ. ನಾನು ನಿಲ್ಲಿಸಲು ಕೈ ಹಾಕಿದೆ.

"ಮುಚ್ಚಿಸ್ಬ್ಯಾಡಿ. ಮೊದ್ಲು ಅದೇನ್ ನೋಡ್ಬುಟ್ಟು ಬನ್ನಿ," ಎಂದಳು.

ಎದ್ದು ಕೈ ತೊಳೆದು ಅಂಗಳಕ್ಕೆ ಹೋದೆ. ಎರಡು ರೆಗ್ಯುಲೇಟರುಗಳನ್ನೂ ಬಕೆಟ್ಟಿನ ಪಕ್ಕ ಬಿಚ್ಚಿ ಹರಡಿ, ಒಂದೊಂದು ಬಿಲ್ಲೆಯನ್ನೂ ಬೆರಳಲ್ಲಿ ಸವರಿ, ತೊಳೆದು, ಬಟ್ಟೆಯ ಮೇಲೆ ಇಟ್ಟು, ಆಮೇಲೆ ಒಂದೊಂದನ್ನೇ ಒತ್ತಿದೆ. ಒಳಗೆ ಬಂದಾಗ ನನ್ನ ಮುದ್ದೆ ಆರಿ ಕಲ್ಲಾಗಿತ್ತು. ಇಬ್ಬರೂ ತಟ್ಟೆ ಮುಂದಿಟ್ಟುಕೊಂಡು, ಊಟ ಮಾಡದೆ, ನನಗಾಗಿ ಕಾಯುತ್ತಾ ಕೂತಿದ್ದರು.